ಪರ-ವಿರೋಧ: ಪಿಜಾರೊನ ಕ್ರೌರ್ಯಕ್ಕೆ ಅವನ ಬಾಲ್ಯ ಕಾರಣವೇ?

ಪರ: ಅಪ್ಪ ಕೈಬಿಟ್ಟ ಹುಡುಗ

ಹೌದು, ಬಾಲ್ಯವೇ ಕಾರಣ. ಎಷ್ಟು ಸಲ ಕೇಳಿದರೂ ಇದನ್ನೇ ಹೇಳುತ್ತೇನೆ. ಇಂಕಾ ಸಾಮ್ರಾಜ್ಯವನ್ನು ಗೆದ್ದ ಸ್ಪೇನಿನ ದಂಡನಾಯಕ ಫ್ರಾನ್ಸಿಸ್ಕೊ ಪಿಜಾರೊ ಪೆರುವಿನಲ್ಲಿ ಮಾಡಿದ್ದಕ್ಕೆಲ್ಲ ಬೇರು ಇರುವುದು ಅವನು ಹುಟ್ಟಿದ ಟ್ರುಹಿಯೊದಲ್ಲಿ.

ಸ್ಪೇನಿನ ಎಕ್ಸ್‌ತ್ರೆಮದುರ ಸೀಮೆಯ ಊರು ಅದು. ಅವನು ಹುಟ್ಟಿದ್ದು 1470ರ ದಶಕದಲ್ಲಿ. ಅಪ್ಪ ಗೊನ್ಸಾಲೊ ಪಿಜಾರೊ ದೊಡ್ಡ ಮನೆತನದ ಸೇನಾಧಿಕಾರಿ. ಅಮ್ಮ ಫ್ರಾನ್ಸಿಸ್ಕಾ ಗೊನ್ಸಾಲೆಸ್ ರೈತರ ಮನೆಯ ಬಡ ಹೆಣ್ಣು. ಅವರ ಮದುವೆ ಆಗಲೇ ಇಲ್ಲ. ಹುಡುಗ ಅಮ್ಮನ ಕಡೆಯವರ ಜೊತೆ ಬೆಳೆದ. ಹಂದಿ ಕಾಯುತ್ತಿದ್ದ ಅಂತಲೂ ಹೇಳುತ್ತಾರೆ. ಅಕ್ಷರ ಕಲಿಸುವವರು ಯಾರೂ ಇರಲಿಲ್ಲ. ಮುಂದೆ ಗವರ್ನರ್ ಆದಮೇಲೂ ಅವನಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಕಾಗದದ ಮೇಲೆ ಎರಡು ಕಡೆ ಸುರುಳಿ ಗೆರೆ ಎಳೆಯುತ್ತಿದ್ದ. ನಡುವೆ ಹೆಸರನ್ನು ಗುಮಾಸ್ತ ಬರೆಯುತ್ತಿದ್ದ.

1522ರಲ್ಲಿ ಅಪ್ಪ ಉಯಿಲು ಬರೆಸಿದ. ಮದುವೆಯಾಚೆ ಹುಟ್ಟಿದ ಬೇರೆ ಮಕ್ಕಳೂ ಅದರಲ್ಲಿದ್ದಾರೆ. ಫ್ರಾನ್ಸಿಸ್ಕೊ ಮಾತ್ರ ಇಲ್ಲ. ಅಪ್ಪನ ಪಾಲಿಗೆ ಈ ಮಗ ಹುಟ್ಟೇ ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಾಗ ಇಂಥದ್ದೇ ಒಬ್ಬ ಹುಡುಗ ಇದ್ದ. ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವ ದಿನ. ತಂದೆಯ ಹೆಸರು ಬರೆಯುವ ಜಾಗಕ್ಕೆ ಬಂದಾಗ ಅವನ ಪೆನ್ನು ನಿಂತುಹೋಯಿತು. ಆ ಹೆಸರು ಊರಿಗೆಲ್ಲ ಗೊತ್ತಿತ್ತು, ಬರೆಯುವ ಹಾಗಿರಲಿಲ್ಲ. ಪಕ್ಕದ ಬೆಂಚಿನವನು ಅದನ್ನು ಜೋರಾಗಿ ಹೇಳಿಬಿಟ್ಟ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಹುಡುಗ ತುಟಿ ಬಿಚ್ಚಲಿಲ್ಲ. ಸಂಜೆ ಆ ಪಕ್ಕದ ಬೆಂಚಿನವನ ಸೈಕಲ್ಲಿನ ಎರಡೂ ಟೈರನ್ನು ಬ್ಲೇಡಿನಲ್ಲಿ ಸೀಳಿ ಹಾಕಿದ್ದ. ಕರೆದು ಕೇಳಿದರೆ, "ಇನ್ಮೇಲೆ ನಗಲ್ಲ ಬಿಡಿ ಸಾರ್" ಅಂದ. ಮುಖದಲ್ಲಿ ಒಂದು ಚೂರೂ ಅಳು ಇರಲಿಲ್ಲ. ಆಮೇಲೆ ಅವನು ಮರಳಿನ ಲಾರಿ ಇಟ್ಟ, ಬಡ್ಡಿಗೆ ದುಡ್ಡು ಬಿಟ್ಟ. ಸಾಲ ತೀರಿಸದವರ ಮನೆಯಿಂದ ಹಸು ಬಿಚ್ಚಿಕೊಂಡು ಬರುತ್ತಿದ್ದ. ದುಡ್ಡು ಕೂಡಿದ ಮೇಲೆ ಮೊದಲು ಕೊಂಡಿದ್ದು ಯಾವುದನ್ನು ಗೊತ್ತಾ? ತನ್ನನ್ನು ಮಗ ಅನ್ನದವರ ತೋಟವನ್ನೇ.

ಪಿಜಾರೊ ಕೂಡ 1529ರಲ್ಲಿ ಟ್ರುಹಿಯೊಗೆ ವಾಪಸ್ ಬಂದ. ಪೆರುವನ್ನು ಗೆಲ್ಲಲು ಅರಸೊತ್ತಿಗೆ ಕೊಟ್ಟ ಒಪ್ಪಂದಪತ್ರ ಕೈಯಲ್ಲಿತ್ತು. ಸಾಂಟಿಯಾಗೊ ವೀರಪಂಥಕ್ಕೆ (ದೊಡ್ಡ ಮನೆತನದ ಯೋಧರ ಸಂಘ) ಸೇರಿಸಿಕೊಳ್ಳಲು ಅವನ ಹುಟ್ಟಿನ ವಿಚಾರಣೆಯೂ ಆ ವರ್ಷ ಊರಿನಲ್ಲಿ ನಡೆಯಿತು. ಇವನು ಗೊನ್ಸಾಲೊನ ಮಗ ಹೌದು ಅಂತ ಊರವರು ಸಾಕ್ಷಿ ಹೇಳಿದರು. ಆಗ ಅವನಿಗೆ ಹತ್ತಿರ ಹತ್ತಿರ 50 ವರ್ಷ! ಅಷ್ಟು ವರ್ಷ ಆ ಮಾತಿಗಾಗಿ ಕಾದವನ ಎದೆಯಲ್ಲಿ ಕರುಣೆ ಎಲ್ಲಿ ಉಳಿದೀತು? ಹೋಗುವಾಗ ತಮ್ಮಂದಿರನ್ನೂ ಕರೆದುಕೊಂಡು ಹೋದ. 1532ರಲ್ಲಿ ಪೆರುವಿನ ಕಹಮಾರ್ಕ ಊರಿನ ಚೌಕದಲ್ಲಿ ಇಂಕಾ ದೊರೆ ಅತಾಹುವಾಲ್ಪನ ತೋಳು ಹಿಡಿದು ಕೆಳಗೆಳೆದದ್ದು ಆ ಟ್ರುಹಿಯೊದ ಹುಡುಗನೇ.

ಹಾಗಾದರೆ ಅಪ್ಪನಿಲ್ಲದವರೆಲ್ಲ ಕೊಲೆಗಾರರಾ ಅಂತ ಕೇಳುವವರು ಇದ್ದಾರೆ. ಅವರಿಗೆ ಮಕ್ಕಳ ಸಂಕಟ ಗೊತ್ತಿಲ್ಲ, ಅಷ್ಟೆ. ಇನ್ನು ಕೆಲವರು ಮೆಕ್ಸಿಕೊ ಗೆದ್ದ ಕೊರ್ಟೆಸ್‌ನ ಮಾತು ತೆಗೆಯುತ್ತಾರೆ. ಅವನ ದಾರಿಯೇ ಬೇರೆ. ಇಲ್ಲಿ ನಾವು ಮಾತಾಡುತ್ತಿರುವುದು ಪಿಜಾರೊ ಬಗ್ಗೆ.

ವಿರೋಧ: ಚಿನ್ನದಾಸೆಗೆ ಜಾತಕ ಬೇಕಾಗಿಲ್ಲ

ವಿರೋಧದ ಪಕ್ಷ ನನಗೆ ವಹಿಸಿದ್ದಾರೆ. ಬಾಲ್ಯದ ಪೆಟ್ಟು ಮನುಷ್ಯನನ್ನು ಬಗ್ಗಿಸುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಇಲ್ಲಿ ಅದೊಂದೇ ಸಾಲದು.

ಕೊರ್ಟೆಸ್‌ನ ಮಾತು ಬೇಡ ಎಂದರೆ ಹೇಗೆ? ಅವನು ಅದೇ ಸೀಮೆಯ ಮೆಡೆಲಿನ್ ಊರಿನವನು. ಅವನ ತಾಯಿ ಕೂಡ ಪಿಜಾರೊ ಮನೆತನದವಳೇ. ಮದುವೆಯಾದ ಅಪ್ಪ ಅಮ್ಮನ ಮಗ. ಓದಲೆಂದು ಸಾಲಮಾಂಕಕ್ಕೆ ಕಳಿಸಿದ್ದರು. 1519ರಲ್ಲಿ ಅವನು ಮೆಕ್ಸಿಕೊದ ಚೊಲುಲಾದಲ್ಲಿ ನಡೆಸಿದ ಕಗ್ಗೊಲೆಗೆ ಯಾವ ಬಾಲ್ಯ ಕಾರಣ? ಅಷ್ಟು ದೂರವೂ ಬೇಡ, ಪಿಜಾರೊನ ತಮ್ಮ ಎರ್ನಾಂಡೊನನ್ನೇ ನೋಡಿ. ಗೊನ್ಸಾಲೊನ ಗಂಡುಮಕ್ಕಳಲ್ಲಿ ಮದುವೆಯೊಳಗೆ ಹುಟ್ಟಿದವನು ಅವನೊಬ್ಬನೇ. ಓದುಬರಹವೂ ಇತ್ತು. ಅಣ್ಣನ ಹಳೆಯ ಪಾಲುದಾರ ಅಲ್ಮಾಗ್ರೊನನ್ನು 1538ರಲ್ಲಿ ಕತ್ತು ಹಿಸುಕಿ ಕೊಲ್ಲಿಸಿದವನು ಇವನೇ. ಹಂದಿ ಕಾಯುವ ಕಥೆಯನ್ನು ಹರಡಿದ್ದೂ ಕೊರ್ಟೆಸ್ ಬಳಿ ಇದ್ದ ಒಬ್ಬ ಪಾದ್ರಿಯ ಬರಹ. ಅದನ್ನು ಸುಮ್ನೆ ನಂಬುವ ಹಾಗಿಲ್ಲ.

ಪಿಜಾರೊ ಕಸುಬು ಕಲಿತದ್ದು ಟ್ರುಹಿಯೊದಲ್ಲಿ ಅಲ್ಲ. 1502ರ ಹೊತ್ತಿಗೆ ಅವನು ಸಮುದ್ರ ದಾಟಿ ಕೆರಿಬಿಯನ್ ದ್ವೀಪ ಹಿಸ್ಪಾನಿಯೊಲಾಗೆ ಹೋಗಿದ್ದ. ಕಹಮಾರ್ಕಕ್ಕೆ ಬರುವ ಮುಂಚೆ ಅಲ್ಲಿ, ಪನಾಮದಲ್ಲಿ ಸುಮಾರು 30 ವರ್ಷ ಕಳೆದಿದ್ದ. ಊರಿನ ನಾಯಕನನ್ನು ಹಿಡಿ, ಒತ್ತೆ ಇಟ್ಟುಕೋ, ಚಿನ್ನ ಕೇಳು. ಅಲ್ಲಿ ಎಲ್ಲ ದಂಡಿನವರೂ ಮಾಡುತ್ತಿದ್ದ ಕೆಲಸ ಇದು. ಬಂದ ಚಿನ್ನದಲ್ಲಿ ಐದನೇ ಒಂದು ಪಾಲು ರಾಜನಿಗೆ. ತನ್ನ ನಾಯಕನಾಗಿದ್ದ ಬಾಲ್ಬೋವನನ್ನು ಬಂಧಿಸಿದ್ದೂ ಪಿಜಾರೊನೇ, ಗವರ್ನರನ ಅಪ್ಪಣೆ ಮೇರೆಗೆ. ಸೆರೆಯಲ್ಲಿದ್ದ ಅತಾಹುವಾಲ್ಪ ಬಿಡುಗಡೆಗಾಗಿ ಒಂದು ಕೋಣೆ ತುಂಬ ಚಿನ್ನ ಕೊಟ್ಟ. 1533ರಲ್ಲಿ ಅವನನ್ನೂ ಕೊಂದರು.

ಕಹಮಾರ್ಕದಲ್ಲಿ ಪಿಜಾರೊ ಜೊತೆ ಇದ್ದವರು 170ಕ್ಕಿಂತ ಕಡಿಮೆ ಜನ. ಅವರಲ್ಲಿ ದರ್ಜಿ ಇದ್ದ, ಗುಮಾಸ್ತ ಇದ್ದ, ದೊಡ್ಡ ಮನೆತನದ ಹುಡುಗರೂ ಇದ್ದರು. ಕುದುರೆ ಸವಾರನಿಗೆ ಕಾಲಾಳಿಗಿಂತ ಸುಮಾರು ಎರಡರಷ್ಟು ಪಾಲು ಸಿಕ್ಕಿತು. ಇವರೆಲ್ಲರ ಬಾಲ್ಯವೂ ಒಂದೇ ಥರ ಇತ್ತಾ?