ಅವರನ್ನೇ ಕೇಳಿ

ಎಳ್ಳ ಅಮಾವಾಸ್ಯೆ ಮುಗಿದರೂ ನನ್ನ ಸಿಟ್ಟು ಇಳಿದಿಲ್ಲ. ನೇರವಾಗಿಯೇ ಬರೆಯುತ್ತೇನೆ. ಈ ಬರಹ ಓದುವವರಲ್ಲಿ ಆವತ್ತು ಹೊಲದಲ್ಲಿದ್ದವರೂ ಇದ್ದೀರಿ.

ನನ್ನ ಇಥಿಯೋಪಿಯಾದ ಗೆಳೆಯ ಬಂದಿದ್ದಾರೆ. ಹರಮಾಯ ವಿಶ್ವವಿದ್ಯಾಲಯದಲ್ಲಿ ನಾನು ಪಾಠ ಮಾಡುತ್ತಿದ್ದಾಗ ಪಕ್ಕದ ಮನೆಯಲ್ಲಿದ್ದವರು. ಹಳೆಯ ಫೋಟೊಗಳಲ್ಲಿ ನೀವೆಲ್ಲ ಅವರನ್ನು ನೋಡಿದ್ದೀರಿ, ಲೈಕ್ ಕೂಡ ಒತ್ತಿದ್ದೀರಿ. ಜೋಳದ ತಳಿಗಳ ಮೇಲೆ ಕೆಲಸ ಮಾಡುತ್ತಾರೆ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಅನ್ನುವ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಅವರಿಗೆ ಕೆಲಸ ಇತ್ತು. ಅಷ್ಟು ದೂರದಿಂದ ಬಂದವರು ನಮ್ಮ ಮನೆ ನೋಡದೆ ಹೋಗಬಾರದು ಅಂತ ನಾನೇ ಹಟ ಮಾಡಿ ರಾಯಚೂರಿಗೆ ಕರೆಸಿಕೊಂಡೆ. ಹಬ್ಬಕ್ಕೆ ಮಸ್ಕಿ ಕಡೆ ನಮ್ಮ ಅಣ್ಣನ ಹೊಲಕ್ಕೆ ಹೋದೆವು.

ಹಬ್ಬದಡುಗೆಯ ಚರಗವನ್ನು ಹೊಲಕ್ಕೆ ಚೆಲ್ಲಿ ಬಂದು, ಬನ್ನಿ ಗಿಡದ ಕೆಳಗೆ ಊಟಕ್ಕೆ ಕೂತೆವು. ನಮ್ಮ ಅಣ್ಣನ ಮಗ, ಬೆಂಗಳೂರಿನಲ್ಲಿ ಎಂಜಿನಿಯರ್, ದಿನಾ ಅಮೆರಿಕದವರ ಜೊತೆ ಫೋನಿನಲ್ಲಿ ಮಾತಾಡುವವನು, ನನ್ನ ಕಿವಿ ಹತ್ತಿರ ಬಂದು ಕೇಳಿದ: "ಕಾಕಾ, ಇವ್ರು ಏನೇನ್ ತಿಂತಾರ?" ಗೆಳೆಯ ಒಂದು ಮೊಳ ದೂರದಲ್ಲಿ ಕೂತಿದ್ದರು. ಅವರ ಇಂಗ್ಲಿಷ್ ನನಗಿಂತ ಚೆನ್ನಾಗಿದೆ. ಇವನ ಇಂಗ್ಲಿಷ್ ನಮ್ಮಿಬ್ಬರಿಗಿಂತ ಚೆನ್ನಾಗಿದೆ. ಆದರೂ ಪ್ರಶ್ನೆ ನನಗೆ.

ಅಲ್ಲಿಂದ ಶುರುವಾಯಿತು. ಇವರ ಕೂದಲು ಹಿಂಗೇ ಇರುತ್ತಾ? ಇವರಿಗೆ ಮನೆ ಮಠ ಇದೆಯಾ, ಕಾಡಲ್ಲಿ ಇರ್ತಾರಾ? ನೈಜೀರಿಯಾನಾ? ನಮ್ಮ ಬೀಗರೊಬ್ಬರು, ನಿವೃತ್ತ ಹೆಡ್‌ಮಾಸ್ತರು, ದನಿ ಇಳಿಸಿ "ಮನುಷ್ಯಾರ್ನ ತಿನ್ನೋರು ಇನ್ನಾ ಅದಾರಂತಲ್ರೀ ಆ ಕಡಿ" ಅಂದರು. ಒಬ್ಬ ಹುಡುಗ ಹೇಳದೆ ಕೇಳದೆ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದುಕೊಂಡ. ಅವರು ಫೋಟೊಗೆ ನಕ್ಕರು. ಹುಡುಗ ಅವರ ಹೆಸರು ಕೂಡ ಕೇಳದೆ ಎದ್ದು ಹೋದ.

ಏನೇನು ತಿನ್ನುತ್ತಾರೆ ಅಂತ ಕೇಳಿದಿರಲ್ಲ, ಹೇಳುತ್ತೇನೆ. ಆವತ್ತು ಅವರು ತುಪ್ಪ ಮುಟ್ಟಲಿಲ್ಲ. ಮೊಸರು, ಮಜ್ಜಿಗೆ ಬೇಡ ಅಂದರು. ಅವರಿಗೆ ನಮ್ಮ ಊಟ ಸೇರುತ್ತಿಲ್ಲ ಅಂತ ನಿಮ್ಮಲ್ಲಿ ಕೆಲವರು ಅಂದುಕೊಂಡಿರಿ. ಅವರು ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು. ಅವರ ಕ್ರಿಸ್‌ಮಸ್ ಜನವರಿ 7ಕ್ಕೆ. ಅದಕ್ಕೂ ಮೊದಲು 43 ದಿನ ಉಪವಾಸ. ಮಾಂಸ ಇಲ್ಲ, ಮೊಟ್ಟೆ ಇಲ್ಲ, ಹಾಲು ತುಪ್ಪ ಇಲ್ಲ. ಇದಲ್ಲದೆ ಬುಧವಾರ, ಶುಕ್ರವಾರಗಳ ಉಪವಾಸ, ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ. ನಿಷ್ಠೆಯಿಂದ ಆಚರಿಸುವವರಿಗೆ ವರ್ಷದಲ್ಲಿ ಸುಮಾರು ಅರ್ಧದಷ್ಟು ದಿನ ಹೀಗೇ ಕಳೆಯುತ್ತದೆ. ಆ ದೇಶದ ರಾಜ ಎಜಾನ ಕ್ರೈಸ್ತ ಧರ್ಮಕ್ಕೆ ಸೇರಿದ್ದು ನಾಲ್ಕನೇ ಶತಮಾನದಲ್ಲಿ. ಯುರೋಪಿನ ಎಷ್ಟೋ ಭಾಗಗಳಿಗೆ ಆಗಿನ್ನೂ ಆ ಧರ್ಮ ಮುಟ್ಟಿರಲಿಲ್ಲ. ನಮ್ಮ ವೈನಿ ಮಾಡಿದ ಕಡಲೆಹಿಟ್ಟಿನ ಜುಣಕ ನೋಡಿ ಅವರ ಮುಖ ಅರಳಿತು. ಅವರ ಮನೆಯಲ್ಲಿ ಉಪವಾಸದ ದಿನ ಮಾಡುವ ಶಿರೊ ಕೂಡ ಕಾಳಿನ ಹಿಟ್ಟಿನದೇ. ಎರಡು ಸಲ ಹಾಕಿಸಿಕೊಂಡರು.

ಇನ್ನೂ ಒಂದು ಮಾತು. ಆವತ್ತು ನಿಮ್ಮ ತಟ್ಟೆಯಲ್ಲಿ ಏನಿತ್ತು? ಜೋಳದ ಕಡುಬು, ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ, ಅಲಸಂದಿ ಪಲ್ಯ. ಜೋಳವನ್ನು ಮೊದಲು ಬೆಳೆಸಿದ್ದು ಸುಡಾನ್ ಕಡೆಯ ಜನ. ಸಜ್ಜೆ ಪಶ್ಚಿಮ ಆಫ್ರಿಕಾದ ಸಹಾರಾ ಅಂಚಿನದು. ಗುರೆಳ್ಳು ಇಥಿಯೋಪಿಯಾದ್ದು, ಅಲ್ಲಿ ಇಂದಿಗೂ ಅದರ ಎಣ್ಣೆ ಅಡುಗೆಗೆ ಬೇಕು. ಅಲಸಂದೆ ಕೂಡ ಆಫ್ರಿಕಾದ್ದೇ. ತುಂಗಭದ್ರೆಯ ದಡದಲ್ಲೇ, ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದಾಗ ಮೂರು ಸಾವಿರ ವರ್ಷಕ್ಕೂ ಹಳೆಯ ಸಜ್ಜೆಕಾಳು ಸಿಕ್ಕಿದೆ. ಎಳ್ಳು ಮಾತ್ರ ನಮ್ಮ ಕಡೆಯಿಂದ ಹೋದದ್ದು. ಈಗ ಇಥಿಯೋಪಿಯಾದ ಹುಮೆರಾದಲ್ಲಿ ಬೆಳೆಯುವ ಎಳ್ಳು ಹೊರದೇಶಗಳಿಗೆ ಹೋಗುತ್ತದೆ. ಹಬ್ಬಕ್ಕೆ ಹೆಸರು ಕೊಟ್ಟ ಎಳ್ಳು ನಾವು ಕೊಟ್ಟಿದ್ದು, ಹಬ್ಬದ ಊಟ ಅವರ ಹಿರಿಯರು ಬೆಳೆಸಿ ಕೊಟ್ಟಿದ್ದು. ಆ ಊಟ ಉಣ್ಣುತ್ತಾ, ಅದೇ ಸಾಲಿನಲ್ಲಿ ಕೂತವರ ಬಗ್ಗೆ 'ಏನು ತಿಂತಾರೆ' ಅಂತ ಪಿಸುಗುಟ್ಟಿದ್ದು ನನಗೆ ತುಂಬ ನೋವು ಮಾಡಿತು.

ಕೆಲವರು ಆಗಲೇ ಫೋನ್ ಮಾಡಿ ಸಮಾಧಾನ ಹೇಳಿದ್ದಾರೆ. "ಕುತೂಹಲ ಅಷ್ಟೇ ಬಿಡ್ರಿ, ಮನಸ್ಸಲ್ಲಿ ಕೆಟ್ಟದ್ದೇನಿಲ್ಲ." ಕುತೂಹಲ ಇದ್ದವರು ಎದುರಿಗೆ ಕೂತಿರುವವರನ್ನೇ ಕೇಳುತ್ತಾರೆ ಅಲ್ವಾ? ನನ್ನ ಕಿವಿಯಲ್ಲಿ ಕೇಳುವುದು ಯಾಕೆ? ಅವರಿಗೆ ಕೇಳಿಸಬಾರದು ಅಂತ ದನಿ ಇಳಿಸಿದ್ದೀರಿ ಅಂದರೆ, ಅದು ಕೇಳಬಾರದ ಮಾತು ಅಂತ ನಿಮಗೂ ಗೊತ್ತಿತ್ತು.

ಮತ್ತೆ, ಇದು ಪಿಸುಮಾತಿಗೆ ನಿಲ್ಲುವುದಿಲ್ಲ. 2017ರಲ್ಲಿ ದಿಲ್ಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ ಒಬ್ಬ ಹುಡುಗ ಕಾಣೆಯಾದ. ಅಲ್ಲೇ ಇದ್ದ ನೈಜೀರಿಯಾದ ವಿದ್ಯಾರ್ಥಿಗಳು ಅವನನ್ನು ತಿಂದುಬಿಟ್ಟಿದ್ದಾರೆ ಅಂತ ಸುದ್ದಿ ಹಬ್ಬಿತು. ಹುಡುಗ ಮನೆಗೆ ಮರಳಿದ, ಆಮೇಲೆ ತೀರಿಕೊಂಡ. ಅದರ ಬೆನ್ನಿಗೇ ಗುಂಪುಗಳು ಕಣ್ಣಿಗೆ ಬಿದ್ದ ಆಫ್ರಿಕನ್ನರನ್ನೆಲ್ಲ ಹೊಡೆದವು. ನಮ್ಮ ಬೀಗರು ಊಟದ ನಡುವೆ ಆಡಿದ್ದು ಅದೇ ಮಾತು. ದೂರದ ದಿಲ್ಲಿ ಯಾಕೆ, ನಮ್ಮ ಬೆಂಗಳೂರಿನಲ್ಲೇ 2016ರಲ್ಲಿ ಏನಾಯಿತು? ಹೆಸರಘಟ್ಟ ಕಡೆ ಕಾರು ಗುದ್ದಿ ಒಬ್ಬ ಹೆಂಗಸನ್ನು ಸಾಯಿಸಿದವನು ಸುಡಾನ್‌ನವನು. ಸ್ವಲ್ಪ ಹೊತ್ತಿನ ನಂತರ ಆ ದಾರಿಯಲ್ಲಿ ಬಂದು ಏಟು ತಿಂದವಳು ತಾಂಜಾನಿಯಾದ ವಿದ್ಯಾರ್ಥಿನಿ. ಅವಳ ಕಾರನ್ನೂ ಸುಟ್ಟರು. ಎರಡು ಬೇರೆ ದೇಶ, ಸಂಬಂಧವೇ ಇಲ್ಲದ ಇಬ್ಬರು. ಬಣ್ಣ ಒಂದೇ, ಅಷ್ಟೇ. ಆಫ್ರಿಕಾದಲ್ಲಿ 54 ದೇಶಗಳಿವೆ. ಸಿಂಧನೂರಿನವನು ಮಾಡಿದ ತಪ್ಪಿಗೆ ಗುವಾಹಟಿಯವನನ್ನು ಹೊಡೆದರೆ ನಾವು ಸುಮ್ನೆ ಇರ್ತೀವಾ?

"ಡ್ರಗ್ಸ್ ಕೇಸಿನಲ್ಲಿ ಸಿಕ್ಕಿಬೀಳ್ತಾರಲ್ಲ ಸರ್, ಪೇಪರಿನಲ್ಲಿ ಓದ್ತೀವಲ್ಲ" ಅಂತ ಒಬ್ಬರು ಕೇಳಿದರು. ಹೌದು, ಸಿಕ್ಕಿಬಿದ್ದವರು ಇದ್ದಾರೆ. ತಪ್ಪು ಮಾಡಿದವರಿಗೆ ಕೋರ್ಟು ಶಿಕ್ಷೆ ಕೊಡಲಿ. ಅದಕ್ಕಾಗಿ ಜೋಳದ ವಿಜ್ಞಾನಿಗೆ ಲಾಡ್ಜಿನಲ್ಲಿ ರೂಮು ಇಲ್ಲ ಅನ್ನಬೇಕಾ?

ಹೌದು, ಅದೂ ಆಯಿತು. ನಮ್ಮ ಮನೆಯಲ್ಲಿ ನೆಂಟರು ತುಂಬಿದ್ದರು ಅಂತ ಮೊದಲ ರಾತ್ರಿಗೆ ಊರಿನ ಒಂದು ಲಾಡ್ಜಿಗೆ ಕರೆದುಕೊಂಡು ಹೋದೆ. ಫೋನಿನಲ್ಲಿ ರೂಮು ಇದೆ ಅಂದಿದ್ದರು. ಮುಖ ನೋಡಿದ ಮೇಲೆ ಇಲ್ಲ ಅಂದರು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಬೇಕು, ಪೊಲೀಸರ ರಗಳೆ ಅಂದರು. ಆ ನಿಯಮ ಇರುವುದು ನಿಜ. ಆದರೆ ಅದು ಎಲ್ಲ ವಿದೇಶಿಯರಿಗೂ ಒಂದೇ. ಹಿಂದೆ ಇದೇ ಲಾಡ್ಜಿನಲ್ಲಿ ಇಬ್ಬರು ಜರ್ಮನ್ನರನ್ನು ನಾನೇ ಇಳಿಸಿದ್ದೆ. ಆವಾಗ ಫಾರಂ ತುಂಬಿಯೂ ಕೊಟ್ಟರು, ಚಹಾನೂ ಕೊಟ್ಟರು. ಗೆಳೆಯ ಒಂದೂ ಮಾತಾಡದೆ ಬ್ಯಾಗು ಎತ್ತಿಕೊಂಡರು. ಆ ಚೀಲ ಎತ್ತಿದ ರೀತಿಯಲ್ಲೇ ಗೊತ್ತಾಯಿತು, ಇದು ಅವರಿಗೆ ಹೊಸದಲ್ಲ ಅಂತ.

ಹರಮಾಯದಲ್ಲಿ ನನಗೆ ಟೈಫಾಯ್ಡ್ ಆದಾಗ ರಾತ್ರಿಯೆಲ್ಲ ಎದ್ದು ಕೂತಿದ್ದವರು ಇವರು. ನಾನು ಮಾಂಸ ತಿನ್ನುವುದಿಲ್ಲ ಅಂತ ಅವರ ಹೆಂಡತಿ ನನಗೇ ಅಂತ ಬೇರೆ ಪಾತ್ರೆ ಇಟ್ಟಿದ್ದರು. ನನ್ನನ್ನು ಅವರ ಬಳಗದಲ್ಲಿ ಯಾರಾದರೂ ವಿಚಿತ್ರವಾಗಿ ನೋಡಿದರೆ ಅವರು ಮೊದಲು ನನ್ನ ಹೆಸರು ಹೇಳುತ್ತಿದ್ದರು, ನನ್ನನ್ನು ಮಾತಿಗೆ ಎಳೆಯುತ್ತಿದ್ದರು. ನಾನು ಇದ್ದಾಗ ನನ್ನ ಬಗ್ಗೆ ಇನ್ನೊಬ್ಬರನ್ನು ಕೇಳಲು ಅಲ್ಲಿ ಯಾರಿಗೂ ಬಿಡಲಿಲ್ಲ.

ಕರಿಯ ಮೈಬಣ್ಣದವರು ನಮ್ಮ ಸೀಮೆಗೆ ಹೊಸಬರು ಅನ್ನುವವರು ಆಂಧ್ರದ ಆದೋನಿಗೆ ಹೋಗಿ ಬನ್ನಿ. 1953ರವರೆಗೆ ಅದು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಅಲ್ಲಿನ ಜಾಮಿಯಾ ಮಸೀದಿ ಕಟ್ಟಿಸಿದ್ದು ಸಿದ್ದಿ ಮಸೂದ್ ಖಾನ್, ಆಫ್ರಿಕಾ ಮೂಲದವನು. ಬಿಜಾಪುರದ ಆದಿಲ್‌ಶಾಹಿಯ ಕೊನೆಗಾಲದಲ್ಲಿ ರಾಜ್ಯದ ಆಡಳಿತ ನಡೆಸಿದವನೂ ಅವನೇ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನ ಇಂದಿಗೂ ನಮ್ಮ ನಡುವೆ ಬದುಕುತ್ತಿದ್ದಾರೆ, ಕನ್ನಡ ಮಾತಾಡುತ್ತಾರೆ. ಅವರನ್ನೂ "ಯಾವ ದೇಶ" ಅಂತ ಕೇಳುವವರು ಇದ್ದಾರೆ.

ಆ ದಿನ ಮನಸ್ಸಿಗೆ ಸಮಾಧಾನ ಕೊಟ್ಟವನು ಒಬ್ಬನೇ. ನಮ್ಮ ಅಣ್ಣನ ಹೊಲದಲ್ಲಿ ಹಕ್ಕಿ ಕಾಯುವವನು. ಅವನಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಸೀದಾ ಗೆಳೆಯನ ಹತ್ತಿರ ಬಂದು, ಅವರ ಮುಖ ನೋಡಿಕೊಂಡು ಕನ್ನಡದಲ್ಲೇ ಕೇಳಿದ: "ಯಪ್ಪಾ, ನಿಮ್ಮ ಕಡಿ ಜ್ವಾಳಕ್ಕ ಹಕ್ಕಿ ಕಾಟ ಅದ ಏನ್ರೀ?" ನಾನು ಅನುವಾದ ಮಾಡಿದೆ. ಗೆಳೆಯ ಜೋರಾಗಿ ನಕ್ಕು ಅವನ ಕೈಯಲ್ಲಿದ್ದ ಕವಣೆ ತೆಗೆದುಕೊಂಡರು. ಕಲ್ಲಿಟ್ಟು, ತಲೆ ಮೇಲೆ ಬೀಸಿ, ಬದುವಿನಾಚೆ ಹೋಗುವಂತೆ ಬಿಟ್ಟರು. ಅವರ ಊರಿನಲ್ಲೂ ಹುಡುಗರು ಅಟ್ಟಣಿಗೆ ಹತ್ತಿ ಹೀಗೇ ಹಕ್ಕಿ ಓಡಿಸುತ್ತಾರಂತೆ. ಆಮೇಲೆ ಇಬ್ಬರೂ ತೆನೆ ಹಿಡಿದು ಬಹಳ ಹೊತ್ತು ಮಾತಾಡಿದರು. ತೆನೆ ಒತ್ತಾಗಿರಬೇಕಾ, ಬಿಡಿಯಾಗಿರಬೇಕಾ, ಬಿಳಿಜೋಳದ ಮೇವು ದನಕ್ಕೆ ರುಚಿಯಾ ಅಂತ. ಅರ್ಧ ಹೊತ್ತು ನನ್ನ ಅನುವಾದ ಇಬ್ಬರಿಗೂ ಬೇಕಾಗಲೇ ಇಲ್ಲ.

ಅಣ್ಣನ ಮಗನಿಗೆ ಇದನ್ನು ಓದಲು ಹೇಳಿದ್ದೇನೆ. ಬೀಗರೂ ಓದುತ್ತಾರೆ ಅಂತ ಗೊತ್ತು. ಗೆಳೆಯ ಇನ್ನೂ ನಮ್ಮ ಮನೆಯಲ್ಲೇ ಇದ್ದಾರೆ. ಜನವರಿ 7ಕ್ಕೆ ಉಪವಾಸ ಬಿಟ್ಟು ನಮ್ಮಲ್ಲೇ ಹಬ್ಬ ಮಾಡುತ್ತಾರೆ. ಕಾಫಿಬೀಜ ಹುರಿದು ತಾವೇ ಕಾಫಿ ಮಾಡಿಕೊಡುವುದಾಗಿ ಹೇಳಿದ್ದಾರೆ. ಸಂಜೆ ಎಲ್ಲರೂ ಬನ್ನಿ. ನಾನು ಅಡುಗೆಮನೆಯಲ್ಲಿರುತ್ತೇನೆ. ಕೇಳುವುದಿದ್ದರೆ ಅವರ ಎದುರು ಕೂತು ಅವರನ್ನೇ ಕೇಳಿ.