ಕಾಗೆಯ ಕಣ್ಣಿಗೆ ಬಿದ್ದವನು

ನಗರದಲ್ಲಿ ಏನು ಮಹಾ ಹಕ್ಕಿ ಸಿಗುತ್ತೆ ಅಂತ ಕೇಳುವವರಿಗೆ ಹೇಳಲು ಈ ವರ್ಷ ನನ್ನ ಹತ್ತಿರ ಬೇಕಾದಷ್ಟಿದೆ. ಸಾಕ್ಷಿ ಮಾತ್ರ ಇಲ್ಲ.

ಎತ್ತರದ ಟವರಿನ ತುದಿಯಲ್ಲಿ ಪೆರೆಗ್ರಿನ್ ಡೇಗೆ ಕೂತಿತ್ತು. ಬೇಟೆಯ ಮೇಲೆ ಎರಗುವಾಗ ಗಂಟೆಗೆ 300 ಕಿ.ಮೀ. ವೇಗ ದಾಟುವ ಹಕ್ಕಿ ಅದು. ಕ್ಯಾಮೆರಾದ ಮುಚ್ಚಳ ತೆಗೆಯುವವರೆಗೆ ಕಾಯುತ್ತದೆಯೇ? ನನ್ನ ಹತ್ತಿರ ಇರುವುದು ಟವರಿನ ಫೋಟೊ. ತುಂಬಾ ಸ್ಪಷ್ಟವಾಗಿ ಬಂದಿದೆ.

ಚಳಿಗಾಲದ ಮುಂಚೆ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ನವರಂಗ ಇಳಿದಿತ್ತು. ಹಸಿರು ಬೆನ್ನು, ಮೋಟು ಬಾಲ, ಬಾಲದಡಿ ಕುಂಕುಮ ಚೆಲ್ಲಿದಂಥ ಕೆಂಪು. ಹಿಮಾಲಯದ ತಪ್ಪಲಿನಿಂದ ದಕ್ಷಿಣಕ್ಕೆ ರಾತ್ರಿಯಲ್ಲಿ ಹಾರಿ ಬರುವ ಈ ಹಕ್ಕಿಗಳು ಸುಸ್ತಾಗಿ ಹೀಗೆ ಎಲ್ಲೆಂದರಲ್ಲಿ ಕೂರುವುದುಂಟು. ಪಕ್ಕದ ಮನೆಯವರು ಬಾಗಿಲು ಬಡಿದು, "ಸಾರ್, ನಿಮ್ಮ ಗಿಳಿ ಹೊರಗೆ ಬಂದಿದೆ, ಒಳಗೆ ಹಾಕ್ಕೊಳ್ಳಿ" ಅಂದರು. ರಟ್ಟಿನ ಪೆಟ್ಟಿಗೆಯಲ್ಲಿ ಸುಧಾರಿಸಿಕೊಂಡು ಸಂಜೆ ಅದು ಹೊರಟುಹೋಯಿತು. ಅವರು ಈಗಲೂ ಸಿಕ್ಕಾಗೆಲ್ಲ ಕೇಳುತ್ತಾರೆ, "ಗಿಳಿ ವಾಪಸ್ ಬಂತಾ?"

ಆದರೆ ವರ್ಷದ ನಿಜವಾದ ಹಕ್ಕಿ ಅಂದರೆ ಕಾಗೆ. ಮರದ ಕೆಳಗೆ ಕೋಗಿಲೆ ಮರಿಯೊಂದು ಬಿದ್ದಿತ್ತು. ಬೆಕ್ಕಿನ ಬಾಯಿಗೆ ಹೋಗದಿರಲಿ ಅಂತ ಎತ್ತಿ ಕಾಂಪೌಂಡ್ ಮೇಲಿಟ್ಟೆ. ಅದನ್ನು ಸಾಕಿದ್ದು ಕಾಗೆ ಅಲ್ವಾ? ನೆತ್ತಿಗೆ ಟಪ್ಪಂತ ಬಿತ್ತು ಏಟು. ಮಗು ಯಾರದ್ದು ಅನ್ನುವ ವಿಷಯ ಬೇರೆ, ಮುಟ್ಟಿದವನು ಯಾರು ಅನ್ನುವುದು ಕಾಗೆಗೆ ಪಕ್ಕಾ ಗೊತ್ತು.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ತಂಡದವರು 2006ರಲ್ಲಿ ಗುಹಾಮಾನವನ ಮುಖವಾಡ ತೊಟ್ಟು ಕೆಲವು ಕಾಗೆಗಳನ್ನು ಹಿಡಿದು ಬಿಟ್ಟಿದ್ದರು. ವರ್ಷಗಳಾದ ಮೇಲೂ ಆ ಮುಖವಾಡ ಕಂಡರೆ ಸಾಕು, ಕಾಗೆಗಳು ಗುಂಪು ಕಟ್ಟಿಕೊಂಡು ಬೈಯುತ್ತಿದ್ದವು. ಹಿಡಿಸಿಕೊಳ್ಳದ ಕಾಗೆಗಳೂ ಸೇರಿಕೊಂಡವು. ಅವರಿಗಾದರೆ ಮುಖವಾಡ ತೆಗೆದಿಡುವ ಸೌಕರ್ಯ ಇತ್ತು.

ನಾನು ಹೆಲ್ಮೆಟ್ ಹಾಕಿಕೊಂಡು ವಾಕಿಂಗ್ ಹೊರಟೆ. ಗಾಜು ಇಳಿಸಿದರೆ ಕಾಗೆಗೆ ನಾನು ಕಾಣುವುದಿಲ್ಲ, ಆದರೆ ಬೈನಾಕ್ಯುಲರ್ ಕಣ್ಣಿಗೆ ತಾಗುವುದಿಲ್ಲ. ಗಾಜು ಎತ್ತಿದರೆ ಹಕ್ಕಿ ಕಾಣುತ್ತದೆ, ಹಕ್ಕಿಗೆ ನಾನೂ ಕಾಣುತ್ತೇನೆ. ಎದುರಿಗೆ ಸಿಕ್ಕವರೆಲ್ಲ "ಬೈಕ್ ಎಲ್ಲಿ ಹೋಯ್ತು?" ಅಂತ ವಿಚಾರಿಸಿದರು.

ಮೊನ್ನೆ ಗೇಟಿನ ಹತ್ತಿರ ಕಾಗೆಗಳ ಗಲಾಟೆ ಜೋರಾಯಿತು. ಕಾಗೆ ಕೂಗಿದರೆ ತಲೆಯೆತ್ತಿ ನೋಡು, ಗಿಡುಗವೋ ಗೂಬೆಯೋ ಸಿಗುತ್ತೆ ಅನ್ನುವುದು ಹಕ್ಕಿ ನೋಡುವವರ ಮೊದಲ ಪಾಠ. ನಾನು ಗಾಜು ಇಳಿಸಿ, ತಲೆ ತಗ್ಗಿಸಿ, ಬಿರಬಿರನೆ ಒಳಗೆ ನಡೆದೆ. ಹಿಂದಿನಿಂದ ವಾಚ್‌ಮನ್ ಕೂಗಿದ:

"ಏನ್ ಸಾರ್, ನೋಡ್ದೇನೇ ಹೋಗ್ತಿದೀರಾ? ಅರ್ಧ ಕೊಯ್ದ ಸೇಬಿನ ಹಂಗೆ ಬೆಳ್ಳನೆ ಮುಖದ ಗೂಬೆ, ನಿಮ್ಮ ತಲೆ ಮೇಲೇ ಇತ್ತು! ಫೋಟೊ ತೆಗ್ದಿದೀನಿ, ಕಳಿಸ್ಲಾ?"