ಸತ್ಯಾಂಶ: ಬೂತಿನೊಳಗೆ ಸತ್ತರೆ ಮಾತ್ರ ಪರಿಹಾರವೇ?

ಮಂಡ್ಯದ ಮೇಷ್ಟ್ರುಗಳ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಚುನಾವಣೆ ಡ್ಯೂಟಿಯವರು ಬೂತಿನೊಳಗೆ ಸತ್ತರೆ ಮಾತ್ರ ಪರಿಹಾರ.' ಇದು ನಿಜ ಅಲ್ಲ.

ಚುನಾವಣಾ ಆಯೋಗದ ಪ್ರಕಾರ, ತರಬೇತಿಗೋ ಮತಗಟ್ಟೆಗೋ ಮನೆ ಬಿಟ್ಟಾಗಿನಿಂದ ವಾಪಸ್ ಸೇರುವವರೆಗೂ ಡ್ಯೂಟಿಯೇ. ನಾಗಮಂಗಲದಲ್ಲಿ ಮತಯಂತ್ರ ಒಪ್ಪಿಸಿ, ರಸೀದಿ ಜೇಬಿಗಿಟ್ಟು, ನಡುರಾತ್ರಿ ನಿದ್ದೆಗಣ್ಣಲ್ಲೇ ಬೈಕ್ ಹತ್ತುತ್ತಾರಲ್ಲ, ಆ ದಾರಿಯೂ ಲೆಕ್ಕಕ್ಕೆ ಬರುತ್ತದೆ. ನನಗೆ ಜಾಸ್ತಿ ಭಯ ಇರುವುದೂ ಆ ದಾರಿಯದ್ದೇ.

ತೀರಿಕೊಂಡರೆ ಕುಟುಂಬಕ್ಕೆ ಕನಿಷ್ಠ 15 ಲಕ್ಷ ರೂಪಾಯಿ. ಬಾಂಬ್ ಸ್ಫೋಟ, ಉಗ್ರರ ದಾಳಿಯಂಥದ್ದಾದರೆ 30 ಲಕ್ಷ. ಕೈಕಾಲು, ಕಣ್ಣು ಹೋಗಿ ಶಾಶ್ವತ ಅಂಗವಿಕಲತೆ ಆದರೆ 7.5 ಲಕ್ಷ. ಡ್ಯೂಟಿ ಆದೇಶವನ್ನು ಸುಮ್ನೆ ಬಿಸಾಡಬೇಡಿ. ಒಂದು ಫೋಟೊ ತೆಗೆದು ಮನೆಯವರಿಗೂ ಕಳಿಸಿಡಿ.